ಬರ್ಲಿನ್‌ನಲ್ಲಿ ನಾಲ್ಕು ದಿನ, ಮಾರ್ಲೇನೆ ಡೀಟ್ರಿಶ್‌ನ ಹುಡುಕ್ಕೊಂಡು

ದೊಡ್ಡಮ್ಮ ಮೈಸೂರಿಂದ ಹೊರಡೋಕೆ ಮುಂಚೆನೇ ಫೋನಲ್ಲಿ ಹೇಳ್ಬಿಟ್ಟಿದ್ರು, "ನಂಗೆ ಅರಮನೆ ಗಿರಮನೆ ಏನೂ ತೋರಿಸ್ಬೇಡ ಕಣೇ, ಅದು ನಮ್ಮೂರಲ್ಲೇ ಇದೆ, ಬರ್ಲಿನ್‌ಗೆ ಕರ್ಕೊಂಡು ಹೋಗು, ಆ ಮಾರ್ಲೀನ್ ಡೀಟ್ರಿಚ್ ಸಮಾಧಿ ಅಲ್ಲಿದೆಯಂತೆ, ಅದೊಂದು ನೋಡ್ಬೇಕು" ಅಂತ. ಅವರಿಗೆ ಆಗ 71 ವರ್ಷ. ಹೈಸ್ಕೂಲ್ ಟೀಚರಾಗಿ ರಿಟೈರ್ ಆದೋರು, ಮದುವೆಗೆ ಮುಂಚೆ ಹವ್ಯಾಸಿ ನಾಟಕಗಳಲ್ಲಿ ಪಾರ್ಟ್ ಮಾಡ್ತಿದ್ರು, ಆಮೇಲೆ ಬಿಟ್ರು, ಯಾಕೆ ಅಂತ ನಾನು ಕೇಳಿಲ್ಲ ಅವರೂ ಹೇಳಿಲ್ಲ. 70ರ ದಶಕದಲ್ಲಿ ಒಂದು ಫಿಲಂ ಸೊಸೈಟಿ ಶೋನಲ್ಲಿ ‘ಬ್ಲೂ ಏಂಜಲ್’ ಅನ್ನೋ ಹಳೇ ಜರ್ಮನ್ ಚಿತ್ರ ನೋಡಿದ್ರಂತೆ, ಅದ್ರ ನಾಯಕಿ ಈ ಮಾರ್ಲೀನ್, ಆಮೇಲೆ ಹಾಲಿವುಡ್‌ನಲ್ಲೂ ಹೆಸರು ಮಾಡಿದ ನಟಿ, ಗಾಯಕಿ, ಮಾತು ಒಂದೂ ಅರ್ಥ ಆಗಿಲ್ಲ, ಆದ್ರೆ ಪೀಪಾಯಿ ಮೇಲೆ ಕಾಲ್ ಮೇಲೆ ಕಾಲ್ ಹಾಕ್ಕೊಂಡು ಕೂತು ಹಾಡೋ ಆ ಹೆಂಗಸಿನ ಮುಖ ಐವತ್ತು ವರ್ಷ ಆದ್ರೂ ಮರ್ತಿಲ್ಲ.

ನಾನಿರೋದು ಜರ್ಮನಿಯ ಎರ್ಲಾಂಗೆನ್‌ನಲ್ಲಿ, ಪಕ್ಕದ ಊರೇ ನ್ಯೂರೆಂಬರ್ಗ್. ಅಲ್ಲಿ ನಾಜಿ ನಾಯಕರ ವಿಚಾರಣೆ ನಡೆದ 600ನೇ ನಂಬರ್ ಕೋರ್ಟ್ ಹಾಲ್ ಇದೆ, ಅದನ್ನ ನೋಡಿಬಂದ ವಾರ ಮನೇಲಿ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ ಹಾಕ್ಕೊಂಡು ಕೂತಿದ್ದೆ, 1961ರ ಚಿತ್ರ. ಅದ್ರಲ್ಲಿ ಗಲ್ಲಿಗೆ ಹೋದ ಒಬ್ಬ ಜರ್ಮನ್ ಜನರಲ್‌ನ ವಿಧವೆ ಪಾತ್ರ ಮಾರ್ಲೇನೆದು. ನಮಗೇನೂ ಗೊತ್ತಿರ್ಲಿಲ್ಲ ಅಂತ ವಾದ ಮಾಡೋ ಪಾತ್ರ. ನಂಗೆ ಈಕೆ ಮನಸ್ಸಲ್ಲಿ ಕೂತಿದ್ದು ಅಲ್ಲಿಂದ. ಹಾಗಾಗಿ ದೊಡ್ಡಮ್ಮ ಕೇಳಿದ ತಕ್ಷಣ ಹ್ಞೂಂ ಅಂದೆ, 2023ರ ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ರಜೆ ಹಾಕಿ ಟಿಕೆಟ್ ಮಾಡಿದೆ.

(ಇಲ್ಲಿ ಜನ ಹೆಸರಿನ ಕೊನೆಯ ಅಕ್ಷರಾನೂ ಬಿಡದೆ ಹೇಳ್ತಾರೆ, ಮಾರ್ಲೇನೆ ಅಂತ. ಹುಟ್ಟುಹೆಸರು ಮರೀ ಮಗ್ದಲೇನೆ, ಚಿಕ್ಕೋಳಿದ್ದಾಗ್ಲೇ ಎರಡನ್ನೂ ಸೇರಿಸಿ ತಾನೇ ಈ ಹೆಸರು ಇಟ್ಕೊಂಡ್ಳು. ನಾನೂ ಹಾಗೇ ಬರೀತೀನಿ.)

ದಿನ 1, ಗುರುವಾರ

ನ್ಯೂರೆಂಬರ್ಗ್‌ನಿಂದ ಬರ್ಲಿನ್‌ಗೆ ಫಾಸ್ಟ್ ಟ್ರೈನಲ್ಲಿ ಸುಮಾರು ಮೂರು ಗಂಟೆ. ದೊಡ್ಡಮ್ಮ ಕಿಟಕಿ ಪಕ್ಕ ಕೂತು ಅವಲಕ್ಕಿ ಡಬ್ಬಿ ತೆಗೆದ್ರು, ನಾನು ಅವರಿಗೆ ಮಾರ್ಲೇನೆ ಕಥೆ ಹೇಳ್ತಾ ಹೋದೆ, ಯಾಕಂದ್ರೆ ಅವರಿಗೆ ಗೊತ್ತಿದ್ದಿದ್ದು ಆ ಒಂದು ಚಿತ್ರ ಮಾತ್ರ.

ಇಳಿದಿದ್ದು ಬರ್ಲಿನ್‌ನ ಮೇನ್ ಸ್ಟೇಷನ್ನಲ್ಲಿ. ಈಗಿರೋ ಗಾಜಿನ ಕಟ್ಟಡ 2006ರಲ್ಲಿ ಓಪನ್ ಆಗಿದ್ದು, ಮುಂಚೆ ಇದೇ ಜಾಗದಲ್ಲಿ ಲೆಹ್ರ್ಟರ್ ಸ್ಟೇಷನ್ ಅಂತ ಇತ್ತು. 1930ರ ಏಪ್ರಿಲ್ 1ರ ರಾತ್ರಿ ಮಾರ್ಲೇನೆ ಬರ್ಲಿನ್ ಬಿಟ್ಟಿದ್ದು ಅಲ್ಲಿಂದಾನೇ, ರೈಲಲ್ಲಿ ಬ್ರೆಮರ್‌ಹಾಫೆನ್ ಬಂದರಿಗೆ, ಅಲ್ಲಿಂದ ‘ಬ್ರೆಮೆನ್’ ಹಡಗಲ್ಲಿ ಅಮೆರಿಕಕ್ಕೆ. ಆವತ್ತು ಸಂಜೆನೇ ‘ಬ್ಲೂ ಏಂಜಲ್’ ಮೊದಲ ಪ್ರದರ್ಶನ ಆಗಿತ್ತು, ಚಿತ್ರ ಮುಗಿದು ಸ್ಟೇಜ್ ಮೇಲೆ ಬಂದು ಜನರಿಗೆ ನಮಸ್ಕಾರ ಹೇಳಿ, ಚಪ್ಪಾಳೆ ಇನ್ನೂ ಕಿವೀಲಿ ಇರೋವಾಗ್ಲೇ ಟ್ರೈನ್ ಹತ್ತಿದ್ದಾಳೆ. ಗಂಡ, ಐದು ವರ್ಷದ ಮಗಳು ಎಲ್ಲಾ ಇಲ್ಲೇ. ಪ್ಲಾಟ್‌ಫಾರಂನಲ್ಲಿ ನಿಂತ್ಕೊಂಡು ಇದನ್ನ ಹೇಳಿದಾಗ ದೊಡ್ಡಮ್ಮ ಸುಮ್ನೆ ಹಳಿ ಕಡೆ ನೋಡಿದ್ರು, ಆಮೇಲೆ "ಮಗು ಬಿಟ್ಟು ಹೋದ್ಲಾ" ಅಂದ್ರು. ಮುಂದಿನ ವರ್ಷ ಬಂದು ಮಗಳು ಮರಿಯಾನ ಕರ್ಕೊಂಡು ಹೋದ್ಲು ಅಂದ್ಮೇಲೆ ಸ್ವಲ್ಪ ಸಮಾಧಾನ ಆಯ್ತು.

ಹೋಟೆಲ್‌ನಲ್ಲಿ ರೂಮ್ ರೆಡಿ ಇರ್ಲಿಲ್ಲ, ಎರಡು ಗಂಟೆ ಲಾಬಿಲಿ ಕೂರಿಸಿದ್ರು, ವಯಸ್ಸಾದೋರು ಜೊತೆಗಿದ್ದಾರೆ ಅಂದ್ರೂ ಕೇಳ್ಲಿಲ್ಲ. ಸಂಜೆ ಕುರ್‌ಫ್ಯೂರ್‌ಸ್ಟನ್‌ಡಾಮ್‌ಗೆ ಹೋದ್ವಿ, ಬರ್ಲಿನ್‌ನ ದೊಡ್ಡ ಶಾಪಿಂಗ್ ರಸ್ತೆ, ಯುದ್ಧದಲ್ಲಿ ಗೋಪುರ ಮುರಿದುಹೋದ ಆ ಚರ್ಚ್ ಇರೋ ಜಾಗ. ಗೋಪುರಾನ ಹಾಗೇ ಮೊಂಡಾಗಿ ಬಿಟ್ಟಿದ್ದಾರೆ. ಆ ಚರ್ಚ್ ಹತ್ರಾನೇ ಗ್ಲೋರಿಯಾ ಪಲಾಸ್ಟ್ ಅಂತ ಥಿಯೇಟರ್ ಇತ್ತು, ‘ಬ್ಲೂ ಏಂಜಲ್’ ಬಿಡುಗಡೆ ಆಗಿದ್ದು ಅದ್ರಲ್ಲೇ, ಅದೂ ಯುದ್ಧದಲ್ಲಿ ಹೋಯ್ತು. ನೋಡೋಕೆ ಏನೂ ಇಲ್ಲ. ಆದ್ರೂ ದೊಡ್ಡಮ್ಮ ರಸ್ತೆ ಈ ಕಡೆಯಿಂದ ಆ ಕಡೆಗೆ ಎರಡು ಸಲ ನಡೆದ್ರು. ಆವತ್ತು ಆ ಚಿತ್ರದ ದೊಡ್ಡ ಸ್ಟಾರ್ ಈಕೆ ಆಗಿರ್ಲಿಲ್ಲ, ಎಮಿಲ್ ಯಾನಿಂಗ್ಸ್, ಬೆಸ್ಟ್ ಆಕ್ಟರ್ ಆಸ್ಕರ್ ಮೊಟ್ಟಮೊದಲು ತಗೊಂಡೋನು. ಜನ ಬಂದಿದ್ದು ಅವನಿಗೋಸ್ಕರ, ಮನೆಗೆ ಹೋಗ್ತಾ ಮಾತಾಡಿದ್ದು ಇವಳ ಬಗ್ಗೆ.

ದಿನ 2, ಶುಕ್ರವಾರ

ಬೆಳಿಗ್ಗೆ ಎಸ್1 ಲೋಕಲ್ ಟ್ರೈನ್ ಹಿಡ್ದು ಯೂಲಿಯುಸ್ ಲೇಬರ್ ಬ್ರ್ಯೂಕೆ ಅನ್ನೋ ಸ್ಟೇಷನ್ನಲ್ಲಿ ಇಳಿದ್ವಿ. ಈ ಏರಿಯಾನ ‘ರೋಟೆ ಇನ್ಸೆಲ್’ ಅಂತಾರೆ, ಅಂದ್ರೆ ಕೆಂಪು ದ್ವೀಪ. ಸುತ್ತಲೂ ರೈಲು ಹಳಿ ಇರೋದ್ರಿಂದ ದ್ವೀಪ, ಕೂಲಿ ಕಾರ್ಮಿಕರು ಜಾಸ್ತಿ ಇದ್ದು ಎಡಪಕ್ಷಗಳಿಗೆ ಓಟು ಹಾಕ್ತಿದ್ರಿಂದ ಕೆಂಪು. ಹಿಂದುಗಡೆ ಹಳೇ ಗ್ಯಾಸೋಮೀಟರ್ ಅಸ್ಥಿಪಂಜರ ಥರ ನಿಂತಿದೆ, ಊರಿಗೆ ಗ್ಯಾಸ್ ತುಂಬಿಡೋಕೆ ಕಟ್ಟಿದ್ದು. ಅಲ್ಲಿಂದ ಲೇಬರ್ ಸ್ಟ್ರಾಸೆ 65, ನಾಲ್ಕು ಹೆಜ್ಜೆ. 1901ರ ಡಿಸೆಂಬರ್ 27ಕ್ಕೆ ಮಾರ್ಲೇನೆ ಹುಟ್ಟಿದ ಮನೆ, ಆಗ ರಸ್ತೆ ಹೆಸರು ಸೆಡಾನ್ ಸ್ಟ್ರಾಸೆ. ಅಪ್ಪ ಪೊಲೀಸ್ ಅಧಿಕಾರಿ, ಬೇಗ ತೀರ್ಕೊಂಡ್ರು. ಅಮ್ಮ ಯೊಸೆಫೀನೆ, ಬರ್ಲಿನ್‌ನಲ್ಲಿ ಹೆಸರುವಾಸಿ ಗಡಿಯಾರ ವ್ಯಾಪಾರಿಗಳ ಮನೆತನದವರು. ಇಬ್ಬರು ಹೆಣ್ಣುಮಕ್ಕಳು, ದೊಡ್ಡೋಳು ಎಲಿಜಬೆತ್, ಚಿಕ್ಕೋಳು ಈಕೆ.

ಮನೆ ಈಗ್ಲೂ ಇದೆ, ಜನ ಬಾಡಿಗೆಗಿದ್ದಾರೆ, ಗೋಡೆ ಮೇಲೆ ನೆನಪಿನ ಫಲಕ ಇದೆ. ಕೆಳಗೆ ಸೈಕಲ್ಲುಗಳು, ಬಾಲ್ಕನಿಲಿ ಒಣಗಾಕಿದ ಬಟ್ಟೆ. ದೊಡ್ಡಮ್ಮ "ಇಷ್ಟೇನಾ" ಅನ್ಲಿಲ್ಲ, ಅದು ನಂಗೆ ಇಷ್ಟ ಆಯ್ತು. ಫಲಕದ ಮುಂದೆ ಕೈ ಮುಗಿದ್ರು.

ರಸ್ತೆ ಹೆಸರಿನ ಕಥೆ ಹೇಳ್ಲೇಬೇಕು. ಯೂಲಿಯುಸ್ ಲೇಬರ್ ಅಂತ ಒಬ್ಬ ಸೋಷಿಯಲ್ ಡೆಮಾಕ್ರಾಟ್ ನಾಯಕ, ಈ ಏರಿಯಾದಲ್ಲೇ ಕಲ್ಲಿದ್ದಲು ಅಂಗಡಿ ಇಟ್ಕೊಂಡು ಅದರ ಮರೆಯಲ್ಲಿ ಹಿಟ್ಲರ್ ವಿರೋಧಿಗಳ ಜೊತೆ ಸೇರಿ ಕೆಲಸ ಮಾಡ್ತಿದ್ದ, ಸಿಕ್ಕಿಹಾಕ್ಕೊಂಡು 1945ರ ಜನವರಿ 5ಕ್ಕೆ ಗಲ್ಲಿಗೇರಿದ. ಯುದ್ಧ ಆದ್ಮೇಲೆ ಅವನ ಹೆಸರು ರಸ್ತೆಗೆ ಇಟ್ರು. ಆದ್ರೆ ಅದೇ ಕೆಲಸವನ್ನ ದೇಶದ ಹೊರಗಿಂದ ಮಾಡಿದ ಮಾರ್ಲೇನೆ ಹೆಸರನ್ನ 90ರ ದಶಕದಲ್ಲಿ ಈ ಏರಿಯಾ ಸೇರಿರೋ ಶೋನೆಬರ್ಗ್‌ನ ಒಂದು ರಸ್ತೆಗೆ ಇಡೋಣ ಅಂದಾಗ ಅಲ್ಲಿನ ನಿವಾಸಿಗಳೇ ಬೇಡ ಅಂದ್ರು. ನಂಗೆ ಇದು ಓದಿದಾಗ್ಲೂ ನೋವಾಗಿತ್ತು, ಆ ರಸ್ತೇಲಿ ನಿಂತು ಹೇಳುವಾಗ ಇನ್ನೂ ಜಾಸ್ತಿ ಆಯ್ತು.

ಮಧ್ಯಾಹ್ನ ಟೆಂಪಲ್‌ಹೋಫ್. ಹಳೇ ಏರ್‌ಪೋರ್ಟು, 2008ರಲ್ಲಿ ಮುಚ್ಚಿ 2010ರಿಂದ ಜನರಿಗೆ ಪಾರ್ಕ್ ಮಾಡಿದ್ದಾರೆ, ರನ್‌ವೇ ಮೇಲೆ ಹುಡುಗರು ಸ್ಕೇಟಿಂಗ್ ಮಾಡ್ತಾರೆ ಗಾಳಿಪಟ ಬಿಡ್ತಾರೆ. ದೊಡ್ಡಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು ಒಂದು ಫೋಟೋ ಕಾರಣಕ್ಕೆ. 1945ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಮುಗಿದು ನಾಲ್ಕು ತಿಂಗಳಾದ್ಮೇಲೆ, ಅಮೆರಿಕನ್ ಸೈನ್ಯದ ಯೂನಿಫಾರಂನಲ್ಲಿ ಮಾರ್ಲೇನೆ ಈ ಏರ್‌ಪೋರ್ಟಲ್ಲಿ ಬಂದಿಳಿದ್ಲು, ಅಮ್ಮ ಕೋಟು ಟೈ ಹಾಕ್ಕೊಂಡು ಕಾಯ್ತಿದ್ರು. ಅಷ್ಟು ವರ್ಷ ಅಮ್ಮ ಬಾಂಬ್ ಬೀಳ್ತಿದ್ದ ಬರ್ಲಿನ್‌ನಲ್ಲಿ, ಮಗಳು ಆ ಬಾಂಬ್ ಹಾಕೋ ಸೈನ್ಯಕ್ಕೆ ಹಾಡು ಹೇಳ್ತಾ. ಫೋನಲ್ಲಿ ಫೋಟೋ ತೋರಿಸಿದೆ, ದೊಡ್ಡಮ್ಮ ಕನ್ನಡಕ ಮೇಲೆತ್ತಿ ಹತ್ರ ಹಿಡ್ಕೊಂಡು ತುಂಬಾ ಹೊತ್ತು ನೋಡಿದ್ರು. "ಅಮ್ಮ ಮಗಳ ಕೋಟು ಸರಿಮಾಡೋ ಹಾಗೆ ನಿಂತಿದ್ದಾರೆ ನೋಡು" ಅಂದ್ರು. ಆ ವರ್ಷ ನವೆಂಬರ್‌ನಲ್ಲಿ ಅಮ್ಮ ತೀರ್ಕೊಂಡ್ರು.

ಅಕ್ಕನ ಕಥೆ ಹೇಳೋದೋ ಬೇಡ್ವೋ ಅಂತ ಯೋಚ್ನೆ ಮಾಡ್ತಿದ್ದೆ, ಅವರೇ ಕೇಳಿದ್ರು, "ಅಕ್ಕ ಏನಾದ್ಲು?" ಅಂತ. ಹುಲ್ಲಿನ ಮೇಲೆ ಕೂತ್ಕೊಂಡೇ ಹೇಳ್ದೆ. ಎಲಿಜಬೆತ್ ಮತ್ತೆ ಅವಳ ಗಂಡ ಬೆರ್ಗೆನ್ ಬೆಲ್ಸೆನ್ ಹತ್ರ ಸಿನಿಮಾ ಥಿಯೇಟರ್ ನಡೆಸ್ತಿದ್ರು, ಸೈನಿಕರಿಗೆ ಚಿತ್ರ ತೋರಿಸೋಕೆ. ಬೆಲ್ಸೆನ್ ಅಂದ್ರೆ ನಾಜಿಗಳ ಕಾನ್ಸಂಟ್ರೇಷನ್ ಕ್ಯಾಂಪು, ಹಸಿವು ಟೈಫಸ್‌ನಿಂದ ಹತ್ತಾರು ಸಾವಿರ ಜನ ಸತ್ತ ಜಾಗ, ಆನ್ ಫ್ರಾಂಕ್ ಸತ್ತಿದ್ದೂ ಅಲ್ಲೇ. 1945ರಲ್ಲಿ ಬ್ರಿಟಿಷ್ ಸೈನ್ಯ ಬಂದಾಗ ಅಕ್ಕ ಅಲ್ಲಿದ್ದಾಳೆ ಅಂತ ಮಾರ್ಲೇನೆಗೆ ಗೊತ್ತಾಗಿ ಓಡಿದ್ಲು, ಅಕ್ಕ ಕೈದಿ ಆಗಿರ್ಬೇಕು ಅನ್ಕೊಂಡು. ಹೋಗಿ ನೋಡಿದ್ರೆ ಕೈದಿ ಅಲ್ಲ, ಥಿಯೇಟರ್ ನಡೆಸ್ತಿದ್ದೋಳು. ಆಮೇಲಿಂದ ನಂಗೆ ಒಡಹುಟ್ಟಿದವರು ಯಾರೂ ಇಲ್ಲ ಅಂತಾನೇ ಹೇಳ್ತಾ ಬಂದ್ಲು, ಆದ್ರೆ ಒಳಗೊಳಗೆ ಅಕ್ಕಂಗೆ ದುಡ್ಡು ಕಳಿಸ್ತಾನೂ ಇದ್ಲು. ನ್ಯೂರೆಂಬರ್ಗ್ ಚಿತ್ರದಲ್ಲಿ ನಮಗೇನೂ ಗೊತ್ತಿರ್ಲಿಲ್ಲ ಅಂತ ಹೇಳುವಾಗ ಈಕೆ ಯಾರನ್ನ ನೆನೆಸ್ಕೊಂಡಿದ್ಲೋ ಅಂತ ನಾನು ಯೋಚಿಸ್ತಾನೇ ಇರ್ತೀನಿ. ಆ ಚಿತ್ರದ ಮೊದಲ ಪ್ರದರ್ಶನ ಮಾಡಿದ್ದೂ ಬರ್ಲಿನ್‌ನಲ್ಲೇ, 1961ರ ಡಿಸೆಂಬರ್‌ನಲ್ಲಿ, ಊರನ್ನ ಎರಡು ಮಾಡಿದ ಗೋಡೆ ಎದ್ದು ನಾಲ್ಕೇ ತಿಂಗಳಿಗೆ.

ದೊಡ್ಡಮ್ಮ ಏನೂ ಮಾತಾಡ್ಲಿಲ್ಲ. ನನ್ನಮ್ಮ ಅವರಿಗೆ ತಂಗಿ.

ಸಂಜೆ ಶೂಮಾನ್ ಸ್ಟ್ರಾಸೆಲಿರೋ ಡಾಯ್ಚೆಸ್ ಥಿಯೇಟರ್ ಹೊರಗಿಂದ ನೋಡಿದ್ವಿ, ಪಕ್ಕದಲ್ಲೇ ಕಾಮರ್‌ಶ್ಪೀಲೆ, ಸಣ್ಣ ರಂಗಮಂದಿರ. ಮಾರ್ಲೇನೆಗೆ ಮೊದ್ಲು ಪಿಟೀಲು ವಾದಕಿ ಆಗ್ಬೇಕು ಅಂತಿತ್ತು, ವೈಮಾರ್‌ನಲ್ಲಿ ಕಲಿತ್ಲು, ಮಣಿಕಟ್ಟು ನೋವು ಬಂದು ಬಿಡ್ಬೇಕಾಯ್ತು. ಆಮೇಲೆ ಮ್ಯಾಕ್ಸ್ ರೈನ್‌ಹಾರ್ಟ್ ಅವರ ನಾಟಕ ಶಾಲೆಗೆ ಅರ್ಜಿ ಹಾಕಿದ್ರೆ ತಗೊಳ್ಲಿಲ್ಲ, ಅಲ್ಲಿನ ಮೇಷ್ಟ್ರ ಹತ್ರಾನೇ ಪ್ರೈವೇಟಾಗಿ ಪಾಠ ಹೇಳಿಸ್ಕೊಂಡು 1922ರಲ್ಲಿ ಇದೇ ಕಾಮರ್‌ಶ್ಪೀಲೆಲಿ ಸಣ್ಣ ಪಾತ್ರದಲ್ಲಿ ಸ್ಟೇಜ್ ಹತ್ತಿದ್ಲು. ಆಮೇಲೆ ಏಳು ವರ್ಷ ಹೀಗೇ, ಸಣ್ಣ ಪಾರ್ಟು, ಕೋರಸ್, ಹಾಡು ಡ್ಯಾನ್ಸಿನ ರಿವ್ಯೂಗಳು, ಜೊತೆಗೆ ಮೂಕಿ ಚಿತ್ರಗಳು. ಹಾಲಿವುಡ್‌ಗೆ ಹೋದ್ಮೇಲೆ ಈ ಮೂಕಿ ಚಿತ್ರಗಳ್ನೆಲ್ಲ ಮಾಡೇ ಇಲ್ಲ ಅನ್ನೋ ಥರ ಮಾತಾಡ್ತಿದ್ಲು, ನಾಟಕ ಶಾಲೆ ಹುಡುಗಿ ಆಗಿದ್ದೆ ನಿರ್ದೇಶಕರು ಬಂದು ಆರಿಸ್ಕೊಂಡ್ರು ಅಂತ. ಇದೊಂದು ನಂಗೆ ಸರಿ ಅನ್ಸಲ್ಲ. ಏಳು ವರ್ಷ ಮೈ ಮುರಿದು ಕಲಿತ ಕೆಲಸ ಅದು, ಮುಚ್ಚಿಡೋ ಅಂಥದ್ದೇನಿತ್ತು. ದೊಡ್ಡಮ್ಮ ಮಾತ್ರ "ಸಣ್ಣ ಪಾರ್ಟ್ ಮಾಡಿದೋರಿಗೆ ಗೊತ್ತು ಬಿಡು, ಅದನ್ನ ಯಾರಿಗೂ ಹೇಳ್ಬೇಕು ಅನ್ಸಲ್ಲ" ಅಂದ್ರು.

ದಿನ 3, ಶನಿವಾರ

ಇವತ್ತು ಬಾಬೆಲ್ಸ್‌ಬರ್ಗ್, ಪಾಟ್ಸ್‌ಡಾಮ್ ಊರಿಗೆ ಸೇರಿದ್ದು, ಬರ್ಲಿನ್ ಒಳಗಿನ ಟಿಕೆಟ್ ಸಾಲಲ್ಲ, ಸಿ ಝೋನ್ ಸೇರಿದ ದಿನದ ಪಾಸ್ ತಗೋಬೇಕು, ಹೋಗೋರು ನೆನಪಿಟ್ಕೊಳ್ಳಿ. ಎಸ್7 ಹಿಡ್ದು ಹೋದ್ವಿ, ದಾರಿ ಪೂರ್ತಿ ಕಾಡು, ಕೆರೆ.

1912ರಿಂದ ಇಲ್ಲಿ ಸಿನಿಮಾ ತೆಗೀತಿದ್ದಾರೆ. ಸ್ಟುಡಿಯೋ ಒಳಗೆ ಎಲ್ಲರನ್ನೂ ಬಿಡಲ್ಲ, ಪಕ್ಕದಲ್ಲಿ ಫಿಲ್ಮ್ ಪಾರ್ಕ್ ಅಂತ ಇದೆ, ಅದು ಮಕ್ಕಳಿಗೆ ಚೆನ್ನಾಗಿದೆ, ನಾವು ಅಲ್ಲಿ ಜಾಸ್ತಿ ಹೊತ್ತು ಇರ್ಲಿಲ್ಲ. ದೊಡ್ಡಮ್ಮಂಗೆ ಖುಷಿ ಆಗಿದ್ದು ಒಂದು ಬೋರ್ಡ್ ನೋಡಿ, ಇಲ್ಲಿನ ಫಿಲ್ಮ್ ಯೂನಿವರ್ಸಿಟಿ ಇರೋ ರಸ್ತೆ ಹೆಸರು ಮಾರ್ಲೇನೆ ಡೀಟ್ರಿಶ್ ಅಲೇ. ಹುಟ್ಟಿದ ಏರಿಯಾದೋರು ಕೊಡದ ರಸ್ತೆ ಇಲ್ಲಿ ಸಿಕ್ಕಿದೆ, ಸಿನಿಮಾ ಕಲಿಯೋ ಹುಡುಗರು ದಿನಾ ಆ ಬೋರ್ಡ್ ಕೆಳಗೇ ಓಡಾಡ್ತಾರೆ. ಸ್ಟುಡಿಯೋದ ಹಳೇ ದೊಡ್ಡ ಹಾಲ್‌ಗೂ ಇವಳದೇ ಹೆಸರು.

‘ಬ್ಲೂ ಏಂಜಲ್’ ಚಿತ್ರೀಕರಣ ನಡೆದಿದ್ದು ಈ ಕಾಂಪೌಂಡಲ್ಲಿ, 1929ರ ನವೆಂಬರ್‌ನಿಂದ 1930ರ ಜನವರಿವರೆಗೆ, ಆಗ ಇದು ಉಫಾ ಕಂಪನಿ ಸ್ಟುಡಿಯೋ. ಮಾತಿನ ಚಿತ್ರ ಹೊಸದು, ಡಬ್ಬಿಂಗ್ ಇನ್ನೂ ಬಂದಿರ್ಲಿಲ್ಲ, ಹಾಗಾಗಿ ಒಂದೊಂದು ಸೀನನ್ನೂ ಜರ್ಮನ್‌ನಲ್ಲಿ ಒಂದ್ಸಲ ಇಂಗ್ಲಿಷ್‌ನಲ್ಲಿ ಇನ್ನೊಂದ್ಸಲ ತೆಗೀತಿದ್ರು. ನಿರ್ದೇಶಕ ಯೋಸೆಫ್ ಫಾನ್ ಸ್ಟೆರ್ನ್‌ಬರ್ಗ್, ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದೋನು, ನಾಯಕಿ ಹುಡುಕ್ತಾ ಬರ್ಲಿನ್‌ನಲ್ಲಿ ಒಂದು ಮ್ಯೂಸಿಕಲ್ ನಾಟಕಕ್ಕೆ ಹೋಗಿದ್ದ, ‘ಎರಡು ಟೈಗಳು’ ಅಂತ ಅದರ ಹೆಸರು, ಅಲ್ಲಿ ಕಣ್ಣಿಗೆ ಬಿದ್ಲು. ಮುಂದೆ ಹಾಲಿವುಡ್‌ನಲ್ಲೂ ಇವನ ಜೊತೆ ಆರು ಚಿತ್ರ. ಮೊದಲನೇದು ‘ಮೊರಾಕೊ’, ಅದಕ್ಕೆ ಆಸ್ಕರ್ ನಾಮಿನೇಷನ್ ಬಂತು, ಇಡೀ ಜೀವನದಲ್ಲಿ ಅದೊಂದೇ.

ಸ್ಟೆರ್ನ್‌ಬರ್ಗ್ ಅವಳಿಗೆ ಕೊಟ್ಟಿದ್ದು ಬೆಳಕು. ಮುಖ್ಯ ಲೈಟನ್ನ ಮುಖದ ಎದುರಿಗೆ ತುಂಬಾ ಎತ್ತರದಲ್ಲಿ ಇಡೋನು, ಮೂಗಿನ ಕೆಳಗೆ ಚಿಟ್ಟೆ ಆಕಾರದ ನೆರಳು ಬೀಳುತ್ತೆ, ಕೆನ್ನೆ ಒಳಗೆ ಹೋದ ಹಾಗೆ ಕಾಣುತ್ತೆ, ಕಣ್ಣುರೆಪ್ಪೆ ನೆರಳು ಕೂಡ ಕೆನ್ನೆ ಮೇಲೆ. ಮಾರ್ಲೇನೆ ಇದನ್ನ ಕಲಿತ್ಕೊಂಡ್ಲು ಎಷ್ಟರ ಮಟ್ಟಿಗೆ ಅಂದ್ರೆ ಆಮೇಲೆ ಬೇರೆ ನಿರ್ದೇಶಕರ ಸೆಟ್‌ನಲ್ಲಿ ಕ್ಯಾಮರಾ ಪಕ್ಕ ಕನ್ನಡಿ ಇಟ್ಕೊಂಡು ಲೈಟ್ ಸರಿ ಇದೆಯಾ ಅಂತ ತಾನೇ ನೋಡ್ತಿದ್ಲು. ಇದನ್ನ ಹೇಳ್ತಿದ್ದ ಹಾಗೆ ದೊಡ್ಡಮ್ಮ ನಿಂತುಬಿಟ್ರು, "ಅದಕ್ಕೇ ಕಣೇ ನಂಗೆ ಆ ಮುಖ ಮರೆತೇ ಇಲ್ಲ" ಅಂತ.

ಇನ್ನೊಂದು ವಿಷಯ ಹೇಳಿದಾಗ ಅವರು ನಂಬ್ಲೇ ಇಲ್ಲ. ನಮ್ಮ ಹಳೇ ಹಿಂದಿ ಚಿತ್ರಗಳ ನಟಿ ದೇವಿಕಾ ರಾಣಿ, ಆಕೆ ಮತ್ತೆ ಗಂಡ ಹಿಮಾಂಶು ರಾಯ್ ಸಿನಿಮಾ ಕೆಲಸ ಕಲಿತಿದ್ದು ಇದೇ ಉಫಾದಲ್ಲಿ, ಇದೇ ಕಾಲದಲ್ಲಿ. ಇಲ್ಲಿಂದ ಹೋಗಿ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದ್ರು. ದೇವಿಕಾ ರಾಣಿ ಕೊನೇ ವರ್ಷಗಳು ಕಳೆದಿದ್ದು ಬೆಂಗಳೂರಲ್ಲಿ, ಎರಡನೇ ಗಂಡ ಚಿತ್ರಕಾರ ರೋರಿಕ್ ಜೊತೆ, ಕನಕಪುರ ರಸ್ತೆ ತಾತಗುಣಿ ಎಸ್ಟೇಟಲ್ಲಿ, 1994ರಲ್ಲಿ ತೀರ್ಕೊಂಡಿದ್ದೂ ಬೆಂಗಳೂರಲ್ಲೇ. "ತಾತಗುಣೀನಾ? ನಾವು ಆ ದಾರೀಲಿ ಎಷ್ಟು ಸಲ ಬಸ್ಸಲ್ಲಿ ಹೋಗಿದೀವಿ" ಅಂತ ದೊಡ್ಡಮ್ಮ ಆ ಜಾಗಾನ ಮತ್ತೆ ತಿರುಗಿ ನೋಡಿದ್ರು.

ಪಾಟ್ಸ್‌ಡಾಮ್‌ನಲ್ಲಿ ರಾಜರ ಕುದುರೆ ಲಾಯ ಆಗಿದ್ದ ಕಟ್ಟಡದಲ್ಲಿ ಫಿಲ್ಮ್ ಮ್ಯೂಸಿಯಂ ಇದೆ. ಅಲ್ಲಿ ಕೂತು ಚಪಾತಿ ಚಟ್ನಿಪುಡಿ ತಿಂತಾ ‘ಬ್ಲೂ ಏಂಜಲ್’ ಚಿತ್ರದವರೆಲ್ಲ ಏನಾದ್ರು ಅಂತ ಹೇಳ್ತಾ ಹೋದೆ. ಹಾಡುಗಳಿಗೆ ಸಂಗೀತ ಮಾಡಿದ ಫ್ರೀಡ್ರಿಶ್ ಹಾಲೆಂಡರ್ ಯಹೂದಿ, 1933ರಲ್ಲಿ ದೇಶ ಬಿಟ್ಟು ಓಡ್ಬೇಕಾಯ್ತು. ಚಿತ್ರಕ್ಕೆ ಮೂಲ ಆದ ಕಾದಂಬರಿ ಬರೆದ ಹೈನ್ರಿಶ್ ಮಾನ್ ಕೂಡ ಓಡಿದ. ಯಾನಿಂಗ್ಸ್ ಇಲ್ಲೇ ಉಳಿದು ನಾಜಿಗಳಿಗೆ ಬೇಕಾದ ಚಿತ್ರ ಮಾಡಿದ. ಜಾದೂಗಾರನ ಪಾತ್ರ ಮಾಡಿದ ದಪ್ಪ ಮನುಷ್ಯ ಇದ್ದಾನಲ್ಲ, ಕುರ್ಟ್ ಗೆರೋನ್, ಅವನನ್ನ ಹಿಡಿದು ಮೊದ್ಲು ಟೆರೇಸಿಯನ್‌ಸ್ಟಾಟ್ ಕ್ಯಾಂಪಲ್ಲಿಟ್ಟು, ಕ್ಯಾಂಪ್ ಎಷ್ಟು ಚೆನ್ನಾಗಿದೆ ಅಂತ ತೋರಿಸೋ ಸುಳ್ಳು ಚಿತ್ರ ಅವನ ಕೈಲೇ ಮಾಡಿಸಿ, 1944ರ ಅಕ್ಟೋಬರ್‌ನಲ್ಲಿ ಆಶ್ವಿಟ್ಜ್‌ಗೆ ಕಳಿಸಿ ಕೊಂದ್ರು. ಒಂದೇ ಸೆಟ್ಟಲ್ಲಿ ಜೊತೇಲಿ ಊಟ ಮಾಡ್ತಿದ್ದೋರು ಇವರೆಲ್ಲ. ದೊಡ್ಡಮ್ಮ ಕೈಲಿದ್ದ ಚಪಾತಿನ ಡಬ್ಬಿಗೇ ವಾಪಸ್ ಇಟ್ರು.

ವಾಪಸ್ ಬರ್ತಾ ವಾನ್‌ಸೇಯಲ್ಲಿ ಎಸ್1ಗೆ ಬದಲಾಯ್ಸಿದ್ವಿ. ಮ್ಯಾಪ್ ನೋಡ್ತಾ ನಂಗೊಂದು ಹೊಳೀತು, ಈ ಒಂದೇ ಲೈನಲ್ಲಿ ಮಾರ್ಲೇನೆ ಬದುಕು ಪೂರ್ತಿ ಸಿಗುತ್ತೆ. ಸ್ಟೆಗ್ಲಿಟ್ಸ್‌ನಲ್ಲಿ ಬೈಗುಳ ತಿಂದ ಥಿಯೇಟರ್, ಫ್ರೀಡೆನೌನಲ್ಲಿ ಸಮಾಧಿ, ಯೂಲಿಯುಸ್ ಲೇಬರ್‌ನಲ್ಲಿ ಹುಟ್ಟಿದ ಮನೆ, ಪಾಟ್ಸ್‌ಡಾಮರ್ ಪ್ಲಾಟ್ಸ್‌ನಲ್ಲಿ ಮ್ಯೂಸಿಯಂ. ಅರ್ಧ ಗಂಟೆ ಪ್ರಯಾಣನೂ ಇಲ್ಲ.

ಸ್ಟೆಗ್ಲಿಟ್ಸ್‌ನಲ್ಲಿ ಇಳಿದು ಟಿಟಾನಿಯಾ ಪಲಾಸ್ಟ್ ಹತ್ರ ನಡೆದ್ವಿ. 1928ರ ಥಿಯೇಟರ್, ಈಗ ಕೆಳಗೆ ಅಂಗಡಿ ಒಳಗೆ ಸಿನಿಮಾ. ಶನಿವಾರ ಸಂಜೆ, ರಸ್ತೆ ತುಂಬಾ ಶಾಪಿಂಗ್ ಬ್ಯಾಗ್ ಹಿಡ್ದೋರು.

ಇಲ್ಲಿ ನಡೆದಿದ್ದು ಹೇಳೋಕೆ ಮುಂಚೆ ಯುದ್ಧದ್ದು ಹೇಳ್ಬೇಕು. ನಾಜಿಗಳು ವಾಪಸ್ ಬಾ, ಕೇಳಿದ್ದು ಕೊಡ್ತೀವಿ ಅಂತ ಮತ್ತೆ ಮತ್ತೆ ಹೇಳಿಕಳಿಸಿದ್ರು, ಹೋಗ್ಲಿಲ್ಲ. 1939ರಲ್ಲಿ ಅಮೆರಿಕದ ಪೌರತ್ವ ತಗೊಂಡ್ಲು. ಜರ್ಮನಿಯಿಂದ ತಪ್ಪಿಸ್ಕೊಂಡು ಬರೋರಿಗೆ ದುಡ್ಡು ಕೊಟ್ಲು. ಯುದ್ಧದ ಬಾಂಡ್ ಮಾರೋಕೆ ಊರೂರು ಸುತ್ತಿದ್ಲು. 1944ರಲ್ಲಿ ಅಲ್ಜೀರಿಯಾ, ಇಟಲಿ, ಆಮೇಲೆ ಫ್ರಾನ್ಸ್, ಬೆಲ್ಜಿಯಂ, ಯುದ್ಧ ನಡೀತಿದ್ದ ಜಾಗಕ್ಕೇ ಹೋಗಿ ಸೈನಿಕರ ಮುಂದೆ ಹಾಡಿದ್ಲು, ಗರಗಸಾನ ಮೊಣಕಾಲ ಮಧ್ಯೆ ಇಟ್ಕೊಂಡು ಪಿಟೀಲು ಕಮಾನಲ್ಲಿ ಬಾರಿಸ್ತಿದ್ಲು, ಪಿಟೀಲು ಕಲಿತ ಕೈ ಅಲ್ಲಿ ಉಪಯೋಗಕ್ಕೆ ಬಂತು. ಇಟಲಿಯಲ್ಲಿ ನ್ಯುಮೋನಿಯಾ ಆಗಿ ಪೆನಿಸಿಲಿನ್‌ನಿಂದ ಉಳಿದ್ಲು. ಜರ್ಮನ್ನರ ಕೈಗೆ ಸಿಕ್ಕಿದ್ರೆ ಏನಾಗ್ತಿತ್ತು ಅಂತ ಗೊತ್ತಿದ್ದೇ ಹೋಗಿದ್ದು. 1947ರಲ್ಲಿ ಅಮೆರಿಕ ಮೆಡಲ್ ಆಫ್ ಫ್ರೀಡಂ ಕೊಡ್ತು.

ಆಮೇಲೆ 1960ರ ಮೇ ತಿಂಗಳಲ್ಲಿ ಜರ್ಮನಿಗೆ ಹಾಡೋಕೆ ಬಂದ್ಲು. ಈ ಟಿಟಾನಿಯಾ ಪಲಾಸ್ಟ್ ಹೊರಗೆ ‘ಮಾರ್ಲೇನೆ ವಾಪಸ್ ಹೋಗು’ ಅಂತ ಬೋರ್ಡ್ ಹಿಡಿದು ನಿಂತಿದ್ರು, ದೇಶದ್ರೋಹಿ ಅಂತ. ಒಳಗೆ ಮೇಯರ್ ವಿಲ್ಲಿ ಬ್ರಾಂಟ್ ಕೂತಿದ್ರು, ಅವರೂ ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಹೋಗಿದ್ದೋರೇ. ಒಳಗಿದ್ದ ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಡ್ಯುಸೆಲ್‌ಡೊರ್ಫ್‌ನಲ್ಲಿ ಒಬ್ಬಳು ಹುಡುಗಿ ಮುಖಕ್ಕೇ ಉಗಿದ್ಲು. ವೀಸ್‌ಬಾಡೆನ್‌ನಲ್ಲಿ ಲೈಟಿನ ಬೆಳಕಲ್ಲಿ ಅಂಚು ಕಾಣದೆ ಸ್ಟೇಜಿಂದ ಬಿದ್ದು ಭುಜದ ಮೂಳೆ ಮುರೀತು, ಕೈ ಕಟ್ಕೊಂಡೇ ಮುಂದಿನ ಶೋಗಳ್ನ ಮುಗಿಸಿದ್ಲು. ಅದೇ ವರ್ಷ ಇಸ್ರೇಲ್‌ಗೂ ಹೋದ್ಲು, ಅಲ್ಲಿ ಜರ್ಮನ್ ಭಾಷೆ ಸ್ಟೇಜ್ ಮೇಲೆ ಕೇಳೋದೇ ಕಷ್ಟ ಆಗಿದ್ದ ಕಾಲ, ಸಭಿಕರ ಒಪ್ಪಿಗೆ ಕೇಳಿ ಜರ್ಮನ್‌ನಲ್ಲೇ ಹಾಡಿದ್ಲು.

ನಂಗನ್ಸೋದು ಇಷ್ಟೇ. ಆಕೆ ಬಿಟ್ಟಿದ್ದು ಹಿಟ್ಲರನ್ನ. ತಾಯಿನುಡಿ ಬಿಡ್ಲಿಲ್ಲ, ಬರ್ಲಿನ್ ಬಗ್ಗೆ ಹಾಡೋದು ಬಿಡ್ಲಿಲ್ಲ. ಇದನ್ನ ಅರ್ಥ ಮಾಡ್ಕೊಳ್ಳೋಕೆ ಇವಳ ಊರಿಗೆ ಯಾಕಷ್ಟು ಕಾಲ ಬೇಕಾಯ್ತು ಅನ್ನೋದು ಆ ಫುಟ್‌ಪಾತ್ ಮೇಲೆ ನಿಂತಾಗ ನಂಗೆ ತುಂಬಾ ಕಾಡ್ತು. ದೊಡ್ಡಮ್ಮ ಕೇಳಿದ್ದು ಬೇರೆನೇ, "ಬೋರ್ಡ್ ಹಿಡಿದೋರಲ್ಲಿ ಹೆಂಗಸರೂ ಇದ್ರಾ?" ಇದ್ರು ಅಂದೆ. "ಮಗನ್ನೋ ಗಂಡನ್ನೋ ಕಳ್ಕೊಂಡಿರ್ತಾರೆ ಪಾಪ" ಅಂದ್ರು. ಆ ಕಡೆಯಿಂದ ನಾನು ಯೋಚ್ನೇನೇ ಮಾಡಿರ್ಲಿಲ್ಲ.

ದಿನ 4, ಭಾನುವಾರ

ಬೆಳಿಗ್ಗೆ ಪಾಟ್ಸ್‌ಡಾಮರ್ ಪ್ಲಾಟ್ಸ್. ಅಲ್ಲಿ ಮಾರ್ಲೇನೆ ಡೀಟ್ರಿಶ್ ಹೆಸರಿನ ಚೌಕ ಇದೆ, ಬರ್ಲಿನ್ ಫಿಲ್ಮ್ ಫೆಸ್ಟಿವಲ್‌ನ ಮುಖ್ಯ ಥಿಯೇಟರ್ ಅಲ್ಲೇ. ಫಿಲ್ಮ್ ಮ್ಯೂಸಿಯಂ ಆಗ ಸೋನಿ ಸೆಂಟರ್‌ನಲ್ಲಿತ್ತು (2024ರ ಕೊನೇಲಿ ಅಲ್ಲಿಂದ ಖಾಲಿ ಮಾಡಿದ್ದಾರೆ, ಈಗ ಹೋಗೋರು ಹೊಸ ಅಡ್ರೆಸ್ ನೋಡ್ಕೊಂಡು ಹೋಗಿ). ಮಾರ್ಲೇನೆ ಏನನ್ನೂ ಬಿಸಾಕ್ತಿರ್ಲಿಲ್ಲ. ಸತ್ತ ಮೇಲೆ 1993ರಲ್ಲಿ ಬರ್ಲಿನ್ ಸರ್ಕಾರ ಎಲ್ಲಾನೂ ಕೊಂಡ್ಕೊಂಡ್ತು, 3000ಕ್ಕೂ ಜಾಸ್ತಿ ಬಟ್ಟೆ ಬರೆ, 15,000 ಫೋಟೋ, ಸುಮಾರು 3,00,000 ಹಾಳೆ ಕಾಗದ ಪತ್ರ. ಅದರಲ್ಲಿ ಸ್ವಲ್ಪ ಮಾತ್ರ ನೋಡೋಕೆ ಇಟ್ಟಿದ್ರು. ಬಟ್ಟೆ ಮುಂದೆ ದೊಡ್ಡಮ್ಮ ಹೊಲಿಗೆ ನೋಡ್ತಾ ನಿಂತ್ರು, ಸೊಂಟ ಎಷ್ಟು ಸಣ್ಣ, ಆಳು ಅಂದ್ಕೊಂಡಷ್ಟು ಎತ್ತರ ಇಲ್ಲ ಅಂತ. ನಾನು ಪೆಟ್ಟಿಗೆಗಳ ಮುಂದೆ ನಿಂತೆ, ಹಡಗಲ್ಲಿ ಸಾಗಿಸೋ ಥರದ ದೊಡ್ಡ ಟ್ರಂಕುಗಳು, ಎಷ್ಟು ದೇಶ ಸುತ್ತಿರ್ಬೇಕು.

ಕೊನೇ ವರ್ಷಗಳು ಪ್ಯಾರಿಸ್‌ನಲ್ಲಿ. 1975ರಲ್ಲಿ ಸಿಡ್ನಿಲಿ ಶೋ ಮಾಡುವಾಗ ಬಿದ್ದು ತೊಡೆ ಮೂಳೆ ಮುರೀತು, ಅಲ್ಲಿಗೆ ಸ್ಟೇಜ್ ಮುಗೀತು. ಅವೆನ್ಯೂ ಮೊಂಟೇನ್ 12ನೇ ನಂಬರ್ ಅಪಾರ್ಟ್‌ಮೆಂಟಲ್ಲಿ ಹತ್ತು ವರ್ಷಕ್ಕೂ ಮೇಲೆ ಹಾಸಿಗೇಲೇ, ಯಾರಿಗೂ ಮುಖ ತೋರಿಸ್ತಿರ್ಲಿಲ್ಲ, ಮಾತು ಎಲ್ಲಾ ಫೋನಲ್ಲಿ. ನಟ ಮ್ಯಾಕ್ಸಿಮಿಲಿಯನ್ ಶೆಲ್ ಅವಳ ಬಗ್ಗೆ ಡಾಕ್ಯುಮೆಂಟರಿ ಮಾಡಿದಾಗ ದನಿ ಮಾತ್ರ ಕೊಟ್ಲು, ಕ್ಯಾಮರಾ ಮುಂದೆ ಬರ್ಲಿಲ್ಲ. 1992ರ ಮೇ 6ಕ್ಕೆ ತೀರ್ಕೊಂಡ್ಲು, 90 ವರ್ಷ. ಗೋಡೆ ಬಿದ್ದು, ಬರ್ಲಿನ್ ಒಂದಾಗಿತ್ತು ಅಷ್ಟೊತ್ತಿಗೆ. ಮೇ 16ಕ್ಕೆ ಅಮ್ಮನ ಸಮಾಧಿ ಇರೋ ಸ್ಮಶಾನಕ್ಕೇ ತಂದು ಮಣ್ಣು ಮಾಡಿದ್ರು. ಸರಿಯಾಗಿ ಹತ್ತು ವರ್ಷ ಆದ್ಮೇಲೆ, 2002ರ ಮೇ 16ಕ್ಕೆ, ಬರ್ಲಿನ್ ಅವಳನ್ನ ಗೌರವ ನಾಗರಿಕಳು ಅಂತ ಘೋಷಿಸ್ತು.

ಸ್ಟೇಷನ್ ಅಂಗಡೀಲಿ ಬಿಳಿ ಸೇವಂತಿಗೆ ಸಿಕ್ತು, ತಗೊಂಡು ಫ್ರೀಡೆನೌನಲ್ಲಿ ಇಳಿದ್ವಿ. ಅಲ್ಲಿಂದ ಸ್ಟೂಬೆನ್‌ರೌಖ್ ಸ್ಟ್ರಾಸೆ ಸ್ಮಶಾನಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ನಡಿಗೆ, ಹತ್ರ ಬೇರೆ ಸ್ಟೇಷನ್ ಇದೆ, ದೊಡ್ಡಮ್ಮನೇ ನಡೀತೀನಿ ಅಂದ್ರು. ಮರಗಳಿರೋ ಸುಮ್ಮನಿರೋ ಬೀದಿಗಳು. ಸ್ಮಶಾನಾನೂ ದೊಡ್ಡದೇನಲ್ಲ, ತೋಟದ ಥರ. ಫೋಟೋಗ್ರಾಫರ್ ಹೆಲ್ಮುಟ್ ನ್ಯೂಟನ್ ಸಮಾಧೀನೂ ಇಲ್ಲೇ ಇದೆ. ಮಾರ್ಲೇನೆ ಕಲ್ಲು ಎಷ್ಟು ಸಣ್ಣದು ಅಂದ್ರೆ ದಾಟಿ ಹೋಗಿಬಿಟ್ಟಿದ್ವಿ. ಮೇಲೆ ಒಂದು ಸಾಲು, ಕೆಳಗೆ ಮಾರ್ಲೇನೆ ಅಂತ ಹೆಸರು, 1901, 1992. ಮನೆತನದ ಹೆಸರೂ ಇಲ್ಲ.

"ಏನು ಬರ್ದಿದೆ ಓದು" ಅಂದ್ರು ದೊಡ್ಡಮ್ಮ. ‘ನನ್ನ ದಿನಗಳ ಗಡಿಗಲ್ಲಿನ ಹತ್ರ ಇಲ್ಲಿ ನಿಂತಿದೀನಿ’ ಅಂತ ಹೇಳ್ದೆ. ಥಿಯೋಡೋರ್ ಕೋರ್ನರ್ ಅನ್ನೋ ಕವಿ ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಗಾಯ ಆಗಿ ಮಲಗಿದ್ದಾಗ ಬರೆದ ಪದ್ಯದ ಸಾಲು, ಅವನು 1813ರಲ್ಲಿ 21ನೇ ವಯಸ್ಸಿಗೇ ಯುದ್ಧದಲ್ಲಿ ಸತ್ತ. ದೊಡ್ಡಮ್ಮ ಬ್ಯಾಗಿಂದ ಸಣ್ಣ ಡೈರಿ ತೆಗೆದು ಕನ್ನಡದಲ್ಲಿ ಬರ್ಕೊಂಡ್ರು, ಗಡಿಗಲ್ಲು ಅನ್ನೋ ಮಾತನ್ನ ಎರಡು ಸಲ ಕೇಳಿ ಬರ್ಕೊಂಡ್ರು.

ಪಕ್ಕದ ಸಾಲಲ್ಲಿ ಹಸಿರು ನೀರಿನ ಕ್ಯಾನ್ ಹಿಡ್ಕೊಂಡು ಒಬ್ಬ ವಯಸ್ಸಾದ ಅಜ್ಜಿ ಗಿಡಗಳಿಗೆ ನೀರು ಹಾಕ್ತಿದ್ರು. ನಮ್ಮನ್ನ ನೋಡಿ ಎಲ್ಲಿಂದ ಬಂದಿದ್ದೀರಿ ಅಂತ ಕೇಳಿದ್ರು, ಇಂಡಿಯಾದಿಂದ ಇವರು ಇದನ್ನೇ ನೋಡೋಕೆ ಬಂದ್ರು ಅಂದೆ. ಅವರು ಕ್ಯಾನ್ ಕೆಳಗಿಟ್ಟು ಹೇಳಿದ್ರು, ಚಿಕ್ಕೋರಿದ್ದಾಗ ರೇಡಿಯೋದಲ್ಲಿ ಮಾರ್ಲೇನೆ ಹಾಡು ಬಂದ್ರೆ ಅವರಪ್ಪ ಎದ್ದು ಬಂದು ಆಫ್ ಮಾಡ್ತಿದ್ರಂತೆ, ಅಮ್ಮ ಅಡುಗೆಮನೇಲಿ ಮೆಲ್ಲಗೆ ಅದೇ ಹಾಡು ಹಾಡ್ಕೊಳ್ತಿದ್ರಂತೆ. ಅಪ್ಪ ಅಮ್ಮ ಇಬ್ಬರೂ ಇದೇ ಸ್ಮಶಾನದಲ್ಲಿದ್ದಾರೆ, ಅವರಿಗೆ ನೀರು ಹಾಕೋಕೆ ಬಂದಾಗ ಇಲ್ಲಿಗೂ ಸ್ವಲ್ಪ ಹಾಕಿ ಹೋಗ್ತೀನಿ ಅಂದ್ರು. ದೊಡ್ಡಮ್ಮಂಗೆ ಕನ್ನಡದಲ್ಲಿ ಹೇಳ್ದೆ. ಅವರು ಆ ಅಜ್ಜಿ ಕೈ ಹಿಡ್ಕೊಂಡ್ರು, ಇಬ್ಬರೂ ಏನೂ ಮಾತಾಡ್ದೆ ಸ್ವಲ್ಪ ಹೊತ್ತು ನಿಂತಿದ್ರು.

ಆಮೇಲೆ ದೊಡ್ಡಮ್ಮ ಅರ್ಧ ಹೂವು ಆ ಕಲ್ಲಿನ ಮುಂದೆ ಇಟ್ರು. ಉಳಿದಿದ್ದು ಕೈಲೇ ಇಟ್ಕೊಂಡು "ಅಮ್ಮಂದು ಎಲ್ಲಿ?" ಅಂತ ಕೇಳಿದ್ರು. ಅಜ್ಜಿನೇ ಕರ್ಕೊಂಡು ಹೋಗಿ ತೋರಿಸಿದ್ರು, ಅಲ್ಲೂ ಇಟ್ಟು, ಸೆರಗು ಸರಿಮಾಡ್ಕೊಂಡು, "ನಡಿ, ಟ್ರೈನಿಗೆ ಹೊತ್ತಾಯ್ತು" ಅಂದ್ರು.